ಹುಳು ಮನೆಗೆ ಎಷ್ಟು ಬುಟ್ಟಿ ಇದ್ದಿಲು

ಅಗ್ಗಷ್ಟಿಗೆ... ಅಲ್ಲ, ಅಗ್ಗಿಷ್ಟಿಕೆ. ಕೆಂಡ ತುಂಬಿ ಕೋಣೆಯಲ್ಲಿಡುವ ಮಣ್ಣಿನ ಪಾತ್ರೆಗೆ ನಮ್ಮ ಕಡೆ ಹಾಗೆನ್ನುತ್ತಿದ್ದರು. ಅದರ ಮುಂದೆ ಕೈ ಕಾಯಿಸಿಕೊಳ್ಳುತ್ತ ಶಿಷ್ಯನೊಬ್ಬ ಗುರುವನ್ನು ಕೇಳಿದ:

"ಗುರುಗಳೇ, ನಿನ್ನೆ ಬೆಳಿಗ್ಗೆ ಥರ್ಮಾಮೀಟರು ಹದಿನಾರು ಡಿಗ್ರಿ ತೋರಿಸುತ್ತಿತ್ತು. ಇಂದು ಎಂಟು. ಹಾಗಾದರೆ ಇಂದಿನ ಚಳಿ ನಿನ್ನೆಯದರ ಎರಡರಷ್ಟು ತಾನೇ?"

ಗುರು ಅದಕ್ಕೊಂದು ಕತೆ ಹೇಳಿದರು.

ಒಬ್ಬ ರೈತ ರೇಷ್ಮೆ ಹುಳು ಸಾಕುತ್ತಿದ್ದ. ಪೊರೆ ಕಳಚುವ ಮೊದಲು ಹುಳು ಮೇವು ಬಿಟ್ಟು ಮಲಗುವುದನ್ನು ರೇಷ್ಮೆಯವರು ಜ್ವರ ಎನ್ನುತ್ತಾರೆ. ಅವನ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಇನ್ನೊಂದು ವಾರ ಹೊಟ್ಟೆ ತುಂಬ ಮೇಯ್ದರೆ ಗೂಡು ಕಟ್ಟುತ್ತವೆ. ಆದರೆ ಹುಳು ಸಾಕುವ ಮನೆ ತಣ್ಣಗಾದರೆ ಸೊಪ್ಪು ಮುಟ್ಟುವುದಿಲ್ಲ; ಮೇಯದ ಹುಳು ಉಳಿಯುವುದಿಲ್ಲ.

ಒಂದು ದಿನ ಹೊರಗೆ ಇಪ್ಪತ್ತು ಡಿಗ್ರಿ ಇತ್ತು. ರೈತ ಹುಳು ಮನೆಯಲ್ಲಿ ಒಂದು ಬುಟ್ಟಿ ಇದ್ದಿಲು ಉರಿಸಿದ. ಅಷ್ಟು ಸಾಕಾಯಿತು. ಮರುದಿನ ಬೆಳಿಗ್ಗೆ ಹತ್ತು ಡಿಗ್ರಿಗೆ ಇಳಿಯಿತು. ಅರ್ಧಕ್ಕರ್ಧ ಇಳಿದಿದೆ, ಚಳಿ ಎರಡರಷ್ಟಾಯಿತು ಎಂದುಕೊಂಡು ಅವನು ಎರಡು ಬುಟ್ಟಿ ಸುರಿದ.

ಪಕ್ಕದ ಮನೆಯವನು ಬಂದು ನೋಡಿದ.

"ಏನಣ್ಣ, ಹುಳು ಸಾಕುತ್ತೀಯೋ, ಹುರಿಯುತ್ತೀಯೋ?"

ಅವನ ಬಳಿ ಬೇರೆ ಅಳತೆಯ ಹಳೆಯ ಥರ್ಮಾಮೀಟರು ಇತ್ತು. ಅದರಲ್ಲಿ ನಿನ್ನೆ ಅರವತ್ತೆಂಟು, ಇಂದು ಐವತ್ತು. ಚಳಿ ಒಂದೂವರೆಯಷ್ಟೂ ಆಗಿಲ್ಲ, ಅರ್ಧ ಬುಟ್ಟಿಗಿಂತ ಹೆಚ್ಚೇ ತೆಗೆ ಎಂದ.

"ನಿನ್ನ ಥರ್ಮಾಮೀಟರಿಗೂ ನಿನ್ನ ಹಾಗೆ ಅರಳುಮರಳು" ಎಂದ ರೈತ.

ಪಕ್ಕದ ಮನೆಯವನು ಅದನ್ನು ತಂದೇ ತಂದ. ಎರಡನ್ನೂ ಒಂದೇ ಬಾಗಿಲಿಗೆ ತೂಗುಹಾಕಿದರು. ಎರಡೂ ಸರಿಯಾಗಿಯೇ ಇದ್ದವು. ಬಾಗಿಲು ಒಂದು, ಗಾಳಿ ಒಂದು. ಒಂದರಲ್ಲಿ ಚಳಿ ಎರಡರಷ್ಟು, ಇನ್ನೊಂದರಲ್ಲಿ ಒಂದೂವರೆಯೂ ಇಲ್ಲ. ಇಬ್ಬರೂ ತಲೆ ಕೆರೆದುಕೊಂಡರು, ಮತ್ತೆ ವಾದಕ್ಕಿಳಿದರು.

ಒಳಗೆ ರೈತನ ಹೆಂಡತಿ ಹುಳುಗಳ ತಟ್ಟೆಗಳನ್ನು ನೋಡುತ್ತಿದ್ದಳು. ಹಾಕಿದ ಸೊಪ್ಪು ಹಾಕಿದಂತೆಯೇ ಇತ್ತು. ಹುಳುಗಳು ತಲೆ ಎತ್ತಿರಲಿಲ್ಲ. ಅವಳು ಹೊರಗೆ ಬಂದಳು.

"ರೀ, ಜಗಳ ಆಮೇಲೆ ಆಡಿಕೊಳ್ಳಿ. ಹುಳುವಿಗೆ ನಮ್ಮ ಥರ್ಮಾಮೀಟರಿನಲ್ಲಿ ಇಪ್ಪತ್ತೈದು ಬೇಕು. ನಿನ್ನೆ ಐದು ಕಡಿಮೆ ಇತ್ತು, ಒಂದು ಬುಟ್ಟಿ ಸಾಕಾಯಿತು. ಇವತ್ತು ಹದಿನೈದು ಕಡಿಮೆ ಇದೆ. ನೀವು ಎಲ್ಲಿಂದ ಎಣಿಸುತ್ತಿದ್ದೀರಿ?"

ಇಬ್ಬರೂ ಬಾಗಿಲಿನತ್ತ ನೋಡಿದರು. ಅವಳು ಮೂರನೇ ಬುಟ್ಟಿಯನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಹೊರಗಿನವರೆಗೂ ಕೇಳಿಸಿತು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಬೆರಳು ಮಡಿಸಿ ಲೆಕ್ಕ ಹಾಕಿದ. ಅವನ ಮುಖ ಅರಳಿತು.

"ತಿಳಿಯಿತು ಗುರುಗಳೇ. ಆ ದಿನದ ಚಳಿ ಎರಡರಷ್ಟಲ್ಲ, ಒಂದೂವರೆಯೂ ಅಲ್ಲ. ನಿಜವಾಗಿ ಮೂರರಷ್ಟು!"

"ಆಕೆ ಎಣಿಸಿದ್ದು ಹುಳುವಿಗೆ ಕಡಿಮೆ ಬಿದ್ದ ಶಾಖವನ್ನು, ಮಗು. ಅದನ್ನು ಬುಟ್ಟಿಯಲ್ಲಿ ಒಳಗೆ ಹೊತ್ತೊಯ್ದಳು; ಚಳಿಯನ್ನು ಹೊರಗೆ ಹೊತ್ತೊಯ್ದವರು ಯಾರು?"