ಬುಶ್ಶಿಗೆ ಸಿಕ್ಕ ಜಾಗ

ತೀರಿಕೊಂಡ ಪಶುವೈದ್ಯ ಹಾಲಪ್ಪನವರ ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ಡಿಗೆ ಒಂದೇ ಕೊರಗು. ಸ್ಪಾರ್ಕ್ ಪ್ಲಗ್ ಕೂರುವ ತೂತಿನ ಥ್ರೆಡ್, ಅಂದರೆ ತಿರುಪಿನ ಗೆರೆಗಳು, ಸವೆದು, ಪ್ಲಗ್ ನಿಲ್ಲದೆ ಹಾರಿಹೋಗಿತ್ತು. ಮೆಕ್ಯಾನಿಕ್ ದಾದಾಪೀರ್ ಆ ತೂತಿನಲ್ಲಿ ಕೂರಿಸಲು ಒಳಗೂ ಹೊರಗೂ ಥ್ರೆಡ್ ಇರುವ ಬಳೆಯಂಥ ಒಂದು ಉಕ್ಕಿನ ಬುಶ್ ತಂದಿಟ್ಟ.

"ನಿನಗೆ ಜಾಗ ಮಾಡಲು ನನ್ನಲ್ಲಿ ಉಳಿದ ಥ್ರೆಡ್ಡನ್ನೂ ಕೊರೆದು ತೆಗೆಯುತ್ತಾರೆ," ಎಂದಿತು ಹೆಡ್. "ನನಗೆ ನೋವಾದೀತೆಂದು ಹಾಲಪ್ಪನವರು ಪ್ಲಗ್ಗನ್ನು ಸ್ಪ್ಯಾನರ್ ಹಾಕುವ ಮೊದಲು ಬೆರಳಲ್ಲೇ ತಿರುಗಿಸುತ್ತಿದ್ದರು. ಆಮೇಲೆ ಇಬ್ಬರೂ ಕರು ಹಾಕಲಾರದೆ ಒದ್ದಾಡುವ ಹಸುಗಳ ಬಳಿಗೆ ಓಡುತ್ತಿದ್ದೆವು. ನೀನು ಇವತ್ತು ಬಂದವನು."

"ಆ ದಿನಗಳನ್ನು ನಾನು ಕಂಡಿಲ್ಲ, ನಿಜ," ಎಂದಿತು ಬುಶ್. "ಆದರೆ ರಿಪೇರಿಯಾಗದಿದ್ದರೆ ಗಾಡಿ ಗುಜರಿಗೆ ಹೋಗುತ್ತದೆ. ಆಗ ಅವರನ್ನು ನೆನೆಯಲು ನೀವೂ ಇರುವುದಿಲ್ಲ."

ದಾದಾಪೀರ್ ಕೊರೆದ. ಹಳೆಯ ಥ್ರೆಡ್ ಪುಡಿಯಾಗಿ ನೆಲಕ್ಕೆ ಉದುರುವುದನ್ನು ಹೆಡ್ ನೋಡುತ್ತಲೇ ಇತ್ತು. ಬುಶ್ ಕೂತಿತು, ಅದರೊಳಗೆ ಪ್ಲಗ್ ಕೂತಿತು. ಹಾಲಪ್ಪನವರ ಮಗಳು ದಾಕ್ಷಾಯಿಣಿ ಗಾಡಿ ಹತ್ತಿ ಹೊರಟಳು.

ದಿಬ್ಬ ಏರುವಾಗ ಬುಶ್ ನರಳಿತು. "ಅಯ್ಯೋ, ಈ ಉರಿ ನನ್ನಿಂದ ತಡೆಯಲಾಗದು!"

"ಹೆದರಬೇಡ ಮಗು," ಎಂದಿತು ಹೆಡ್. "ಉರಿಯನ್ನೆಲ್ಲ ನನ್ನ ಕಡೆಗೆ ದಾಟಿಸು. ನೀನು ಪ್ಲಗ್ಗನ್ನು ಬಿಗಿಯಾಗಿ ಹಿಡಿದುಕೋ, ಸಾಕು."