ವ್ಯಾಪಾರಿ ಕಿತ್ತೆಸೆದ ತುಕ್ಕಿನ ಹರಳು

ಮಠದ ಪಂಕ್ತಿಯಲ್ಲಿ ಬಡಿಸುವ ಶಿಷ್ಯ ಕೇಳಿದ: "ಗುರುಗಳೇ, ಅಡುಗೆಯ ಹೊನ್ನವ್ವನನ್ನು ಕೆಲಸದಿಂದ ಬಿಡಿಸಬೇಕೆಂದು ಹಿರಿಯರು ಹೇಳುತ್ತಿದ್ದಾರೆ. ಬೇಯಿಸುವವರಿಗೂ ಗುಡಿಸುವವರಿಗೂ ಹಿತ್ತಿಲಲ್ಲಿ ಏಕೆ ಎಲೆ ಹಾಕುತ್ತೀರಿ ಎಂದು ಆಕೆ ದಿನಾ ಪಂಕ್ತಿಯ ನಡುವೆ ನಿಂತು ಕೇಳುತ್ತಾಳೆ. ಉಣ್ಣುವವರಿಗೆ ಮೈ ಉರಿಯುತ್ತದೆ. ಆಕೆ ಹೋದರೆ ಮಠ ತಣ್ಣಗಾಗುತ್ತದಲ್ಲವೇ?"

ಸನ್ಯಾಸಕ್ಕೆ ಬರುವ ಮೊದಲು ಗುರುಗಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಸಿಟ್ಟು ಬಂದಾಗ ಒಳಗಿನ ಆ ಮೇಷ್ಟ್ರು ಎದ್ದು ಬರುತ್ತಿದ್ದರು.

"ತಣ್ಣಗಾಗುತ್ತದೆಯೇ? ಕೂತ್ಕೋ," ಎಂದು ಹೇಳತೊಡಗಿದರು.

ಒಬ್ಬ ವ್ಯಾಪಾರಿ ಹೈಡ್ರೋಜನ್ ಅನಿಲವನ್ನು ತಣಿಸಿ, ದ್ರವ ಮಾಡಿ ಮಾರುತ್ತಿದ್ದ. ಅನಿಲ ಹಾದುಬರುವ ಕೊಳವೆಯೊಳಗೆ ಕಬ್ಬಿಣದ ತುಕ್ಕಿನ ಹರಳು ತುಂಬಿಸಿದ್ದರು. ಅನಿಲ ಅದನ್ನು ತಾಗಿಕೊಂಡು ಹೋಗುವಾಗ ಬಿಸಿ ಏಳುತ್ತಿತ್ತು. ಆ ಬಿಸಿ ತೆಗೆಯಲು ಯಂತ್ರ ಇನ್ನಷ್ಟು ದುಡಿಯಬೇಕಿತ್ತು. ವ್ಯಾಪಾರಿಗೆ ಇದು ಸರಿಬರಲಿಲ್ಲ. ಹರಳು ಕರಗುವುದಿಲ್ಲ, ಸವೆಯುವುದಿಲ್ಲ, ಹಾಕಿದ ಹಾಗೇ ಇರುತ್ತದೆ. ಕೆಲಸವಿಲ್ಲದ್ದು, ಸಾಲದ್ದಕ್ಕೆ ಬಿಸಿ ಬೇರೆ ಎಬ್ಬಿಸುತ್ತದೆ ಎಂದು ಅದನ್ನು ಕಿತ್ತುಹಾಕಲು ಹೇಳಿದ.

ಅಲ್ಲಿನ ಎಂಜಿನಿಯರ್ ತಡೆದಳು. "ಸಾರ್, ಬಿಸಿ ಹರಳಿನದಲ್ಲ, ಅನಿಲದ್ದು. ಹೈಡ್ರೋಜನ್ನಿನಲ್ಲಿ ಎರಡು ಬಗೆಯಿದೆ. ಒಂದು ಬಗೆ ಒಳಗೆ ಹೆಚ್ಚು ಬಿಸಿ ಇಟ್ಟುಕೊಂಡಿರುತ್ತದೆ. ತಣಿದ ಮೇಲೆ ಅದು ಇನ್ನೊಂದು ಬಗೆಗೆ ತಿರುಗಲೇಬೇಕು, ತಿರುಗುವಾಗ ಬಿಸಿ ಬಿಡಲೇಬೇಕು. ಅದರ ಪಾಡಿಗೆ ಬಿಟ್ಟರೆ ದಿನಗಟ್ಟಲೆ ಹಿಡಿಯುತ್ತದೆ. ಹರಳು ತಾಗಿದರೆ ಇಲ್ಲೇ ಬೇಗ ಮುಗಿಯುತ್ತದೆ. ಇಲ್ಲಿ ಬಿಸಿ ತೆಗೆಯಲು ಯಂತ್ರವಿದೆ. ಮುಂದೆ ಟ್ಯಾಂಕಿನಲ್ಲಿ ಅದೇ ಬಿಸಿ ಬಿಟ್ಟರೆ ತೆಗೆಯಲು ಏನಿದೆ?"

"ನನಗೇ ಪಾಠ ಹೇಳಬೇಡಮ್ಮ," ಎಂದ ವ್ಯಾಪಾರಿ.

ಹರಳು ಕಿತ್ತರು. ಯಂತ್ರ ಸಲೀಸಾಗಿ ಓಡಿತು. ಟ್ಯಾಂಕು ತುಂಬಿತು. ಸದ್ದಿಲ್ಲ, ಗದ್ದಲವಿಲ್ಲ. ವ್ಯಾಪಾರಿ ಬೀಗಿದ. ಅಂಥವರಿಗೆ ಅಷ್ಟಾದರೆ ಸಾಕು, ಲೋಕವೇ ನೆಟ್ಟಗಿದೆ ಅಂದುಕೊಳ್ಳುತ್ತಾರೆ.

ಕೆಲವು ದಿನ ಕಳೆದು ಟ್ಯಾಂಕು ಬುಸುಗುಟ್ಟತೊಡಗಿತು. ಹೊರಗೆ ಬೆಂಕಿಯಿಲ್ಲ, ಗೋಡೆಯಲ್ಲಿ ಬಿರುಕಿಲ್ಲ. ಒಳಗಿದ್ದದ್ದೇ ತನ್ನ ಬಿಸಿಗೆ ತಾನು ಕುದಿಯಿತು. ಕೊಳ್ಳುವವರು ಬರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಆವಿಯಾಗಿ ಹೋಗಿತ್ತು. ಆಗ ಆ ಮಹಾನುಭಾವ ಯಾರ ಕೊರಳಪಟ್ಟಿ ಹಿಡಿದ ಗೊತ್ತೇ? ಟ್ಯಾಂಕು ಕಾಯುವವನದು. ನೀನೇ ಕದ್ದು ಮಾರಿದ್ದೀಯ ಎಂದು ಎಲ್ಲರೆದುರು ಬೈದು, ಅವನನ್ನೂ ಅವನ ಹೆಂಡತಿ ಮಕ್ಕಳನ್ನೂ ಕೊಟ್ಟಿದ್ದ ಮನೆಯಿಂದ ಬೀದಿಗೆ ಹಾಕಿದ. ಪಾಪ, ಅವನು ಮಾಡಿದ್ದಾದರೂ ಏನು? ಸದ್ದು ಬರುತ್ತಿದೆ ಎಂದು ಓಡಿಬಂದು ಹೇಳಿದವನೇ ಅವನು. ನಾಚಿಕೆಗೇಡು.

ಗುರುಗಳು ಮಾತು ನಿಲ್ಲಿಸಿದರು.

"ತಿಳಿಯಿತು ಗುರುಗಳೇ," ಎಂದ ಶಿಷ್ಯ. "ಹೊನ್ನವ್ವನನ್ನು ಬಿಡಿಸುವುದು ಬೇಡವೆಂದು ಹಿರಿಯರಿಗೆ ಹೇಳುತ್ತೇನೆ. ಆಕೆ ತನ್ನ ಪಾಡಿಗೆ ಕೇಳಿಕೊಂಡಿರಲಿ."

"ಕೇಳಿಕೊಂಡಿರಲಿ ಅನ್ನಬೇಡ, ಬಡಿಸುವವನು ನೀನು, ನಾಳೆ ಬೇಯಿಸುವವರ, ಗುಡಿಸುವವರ ಎಲೆ ಎಲ್ಲಿ ಹಾಕುತ್ತೀಯ, ಅದನ್ನು ಹೇಳು."