ಒಂದು ಗಂಟು ಪಡುವಲಿಗೆ

“ಕಳ್ಳಿಬೆಟ್ಟದ ದೊರೆ ಬೊಪ್ಪರಾಜರ ಅಪ್ಪಣೆ. ಮಗಳು ಚಾಗಲದೇವಿ ಕೇಳುವ ಮೂರು ಒಗಟಿಗೂ ಉತ್ತರ ಕೊಟ್ಟವನಿಗೆ ಅವಳನ್ನು ಕೊಟ್ಟು ಮದುವೆ, ಅರ್ಧ ರಾಜ್ಯ. ಒಂದು ತಪ್ಪಿದರೂ ಸಾಯುವತನಕ ಸೆರೆ.”

ಡಂಗುರದವನು ಇಷ್ಟನ್ನು ಸಾರಿ ಮುಂದೆ ಹೋದ.

ಆ ನಾಡಿನಲ್ಲಿ ಯುದ್ಧವೆಂದರೆ ಬಯಲಿಗೆ ಸುಣ್ಣದ ಗೆರೆ ಎಳೆದು, ಚೌಕ ಮಾಡಿ ಕಾದುವುದು. ಚೌಕಕ್ಕೆ ಮನೆ ಎನ್ನುತ್ತಾರೆ. ಮನೆಗೊಬ್ಬ ಆಳು. ಕಳೆದ ಯುದ್ಧದಲ್ಲಿ ಚಾಗಲದೇವಿ ಮಂತ್ರ ಹೇಳಿ ಬೆಂಕಿಯುಂಡೆ ಎಸೆದಳು. ಹಗೆಯವರು ಸತ್ತರು. ಅವಳ ಕಡೆಯವನೂ ಒಬ್ಬ ಸತ್ತ. ಅಂದಿನಿಂದ ಅವಳು ನಗಲಿಲ್ಲ.

ಅರಮನೆಯ ಅಂಗಳದಲ್ಲಿ ಅದೇ ಗೆರೆಗಳನ್ನು ಹಾಕಿಸಿದ್ದಳು. ಅಂದು ಆಳುಗಳು ನಿಂತಿದ್ದ ಮನೆಗಳಲ್ಲಿ ಅವರ ಬದಲು ಹುಣಸೆ ಬೀಜ. ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ ಕೇಳುತ್ತಿದ್ದಳು.

“ನಡು ಇದೆ, ನಡುವಿನಲ್ಲಿ ಯಾರೂ ನಿಲ್ಲಲಾರರು. ಅದೇನು? ಬೆಂಕಿ ಹೊಕ್ಕರೂ ಸುಡದ ಮನೆ ಯಾವುದು? ನಾನೆಸೆದ ಉಂಡೆ ಎಲ್ಲಿ ಬಿದ್ದಿದ್ದರೆ ಯುದ್ಧವೂ ಗೆದ್ದು, ಸತ್ತವನೂ ಉಳಿಯುತ್ತಿದ್ದ?”

ಸಾಮಂತನ ಮಗ, “ಮೊದಲನೆಯದು ಬಾವಿ” ಎಂದ.

“ಬಾವಿಯಲ್ಲಿ ಈಜುವವರಿಲ್ಲವೇ?” ಎಂದಳು. ಅವನು ಸೆರೆಗೆ ಹೋದ.

ಕುದುರೆ ವ್ಯಾಪಾರಿಯೊಬ್ಬ, “ಎರಡನೆಯದು ಕಮ್ಮಾರನ ಮನೆ” ಎಂದ. ಕಾವಲಿನವರು ನಕ್ಕರು. ಅವನೂ ಹೋದ.

ಮಂತ್ರಿಯ ಮಗ ಮೊದಲೆರಡಕ್ಕೆ ತೊದಲಿದ. ಮೂರನೆಯದಕ್ಕೆ ದನಿ ತಗ್ಗಿಸಿದ. “ಎಲ್ಲೂ ಇಲ್ಲ, ಅಮ್ಮಣ್ಣಿ. ನಿಮ್ಮ ತಪ್ಪೇನೂ ಇಲ್ಲ.”

“ಅರಮನೆಯಲ್ಲಿ ಎಲ್ಲರೂ ಇದನ್ನೇ ಹೇಳುತ್ತಾರೆ. ಒಯ್ಯಿರಿ.”

ಆಮೇಲೆ ಬೀರ ಬಂದ. ಬರಿಯ ಕಾಲಾಳು. ಎಡಗಿವಿ ಸುಟ್ಟು ಮುದುಡಿತ್ತು.

“ಮದುವೆಗೆ ಬಂದೆಯೋ, ಕಿವಿ ತೋರಿಸೋಕೆ ಬಂದೆಯೋ?” ಎಂದ ಕಾವಲಿನವ.

“ಉತ್ತರ ಹೇಳೋಕೆ.”

ಗೆರೆಗಳ ಮುಂದೆ ಕುಕ್ಕರಗಾಲಲ್ಲಿ ಕೂತ.

“ನಡು ಅಂದರೆ ನಾಲ್ಕು ಮನೆ ಸೇರುವ ಗಂಟು. ಬೆಂಕಿಯುಂಡೆ ಅಲ್ಲಿ ಬಿದ್ದು ಸುತ್ತಲೂ ಹರಡುತ್ತೆ. ಆಳು ನಿಲ್ಲೋದು ಮನೆಯೊಳಗೆ. ಗಂಟಿನ ಮೇಲೆ ನಿಲ್ಲೋ ಹಾಗಿಲ್ಲ.”

“ಎರಡನೆಯದು?”

“ಬೆಂಕಿ ದುಂಡಗೆ, ಮನೆ ಚೌಕ. ಅಂಚಿನ ಮನೆಗೆ ಅರ್ಧಕ್ಕಿಂತ ಕಮ್ಮಿ ಬಂದರೆ ಒಳಗಿದ್ದವನು ಉಳೀತಾನೆ. ಅವತ್ತು ಅದು ನನ್ನ ಮನೆ. ಕಿವಿ ಮಾತ್ರ ಹೋಯ್ತು.”

ಅವಳು ಬೀಜಗಳನ್ನು ನೋಡಿದಳು. “ಪಕ್ಕದ ಮನೆಯಲ್ಲಿದ್ದವನು?”

“ನಮ್ಮಣ್ಣ ಮಾಳ.”

ಸತ್ತವನ ಮನೆಯ ಬೀಜವನ್ನು ಅವಳು ಎತ್ತಿಕೊಂಡಳು.

“ಮೂರನೆಯದನ್ನು ಹೇಳು.”

“ಒಂದು ಗಂಟು ಪಡುವಲಿಗೆ. ಹಗೆಯವರು ಅಷ್ಟೂ ಜನ ಸಾಯ್ತಿದ್ದರು. ಅಣ್ಣನ ಮನೆಗೆ ಅರ್ಧಕ್ಕಿಂತ ಕಮ್ಮಿ ಬರ್ತಿತ್ತು. ಅವನಿಗೂ ಕಿವಿ ಹೋಗ್ತಿತ್ತು, ಅಷ್ಟೇ.”

“ಹೌದು” ಎಂದಳು ಚಾಗಲದೇವಿ. “ಎಸೆದ ಮರುಗಳಿಗೆ ನನಗೆ ಗೊತ್ತಾಯಿತು. ಇನ್ನೊಬ್ಬರ ಬಾಯಲ್ಲಿ ಕೇಳಬೇಕಿತ್ತು.”

ದೊರೆ ಎದ್ದು ಮದುವೆಯ ಮಾತು ತೆಗೆದ.

“ಮದುವೆ ಬೇಡ, ದೊರೆ. ರಾಜ್ಯವೂ ಬೇಡ. ಸೆರೆಯಲ್ಲಿರುವವರನ್ನು ಬಿಡಿ. ಅಮ್ಮಣ್ಣಿಯವರು ಬಂದು ಇದನ್ನು ನಮ್ಮವ್ವನಿಗೆ ಹೇಳಲಿ. ನನ್ನ ಬಾಯಲ್ಲಿ ಬರ್ತಿಲ್ಲ.”

ಹಾಗೇ ಆಯಿತು. ಅವಳು ಬೀರನ ಹಿಂದೆ ನಡೆದೇ ಹೋದಳು. ಮುದುಕಿ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಗಂಟಿನ ಮಾತನ್ನೆಲ್ಲ ಕೇಳಿಸಿಕೊಂಡಳು. ಅಳಲಿಲ್ಲ, ಬಯ್ಯಲಿಲ್ಲ. ಒಂದೇ ಒಂದು ಕೇಳಿದಳು.

“ನನ್ನ ಮಗನಿಗೆ ಬಹಳ ಉರೀತಾ, ತಾಯಿ?”

ಚಾಗಲದೇವಿ ಬೀರನ ಕಿವಿ ನೋಡಿದಳು.

“ಇಲ್ಲವ್ವ” ಎಂದಳು.

ಉತ್ತರ ತಪ್ಪು. ಬೀರನಿಗೆ ಗೊತ್ತಿತ್ತು. ಅವ್ವನ ಕೈಯಿಂದ ಮೊರ ತೆಗೆದುಕೊಂಡು ಕಲ್ಲು ಆರಿಸತೊಡಗಿದ.